ಬೀಗರಿಗೆ ನೆಗಡಿ

ನನ್ನ ಸೊಸೆ ಮದುವೆಯಾಗಿ ನಮ್ಮ ಮನೆಗೆ ಬಂದಾಗ ತವರಿನಿಂದ ತಂದದ್ದು ಒಂದು ಟ್ರಂಕು, ಒಂದು ಮೇಜಿನ ದೀಪ ಮತ್ತು ಏಳು ಇಲಿ. ತವರು ಅನ್ನುವುದು ಬಾಯಿಮಾತಿಗೆ ಅಷ್ಟೆ. ಅವಳು ಬೆಳೆದದ್ದು ಹಾಸ್ಟೆಲಿನಲ್ಲಿ, ಹಿಂದೆ ಮುಂದೆ ಯಾರೂ ಇಲ್ಲ. ಮೂರು ಅಂತಸ್ತಿನ ಪಂಜರವನ್ನು ಮೆಟ್ಟಿಲು ಹತ್ತಿಸುತ್ತಾ ನಾನು ಏದುಸಿರು ಬಿಟ್ಟುಕೊಂಡು, "ದಾರಿ ಬಿಡಿ, ಹೆಣ್ಣಿನ ಕಡೆ ಬೀಗರು ಬಂದ್ರು" ಎಂದೆ. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು, ಆದರೆ ಸ್ವಲ್ಪ ತಡವಾಗಿ. ಅಂದಿನಿಂದ ನಮ್ಮ ಮನೆಯಲ್ಲಿ ಇಲಿಗಳಿಗೆ ಬೀಗರು ಎಂದೇ ಹೆಸರು.

ಮೋರಿಯಲ್ಲಿ ಓಡಾಡುವ ಇಲಿಗಳನ್ನು ನೆನೆಸಿಕೊಳ್ಳಬೇಡಿ. ಇವು ಸಾಕುವುದಕ್ಕೆಂದೇ ತಲೆಮಾರುಗಳಿಂದ ಬೆಳೆಸಿದ ಜಾತಿ. ಕರೆದರೆ ಬರುತ್ತವೆ, ಅಂಗಿಯ ತೋಳಿನೊಳಗೆ ನುಗ್ಗಿ ಕತ್ತಿನ ಹತ್ತಿರ ಹೊರಬರುತ್ತವೆ, ಮುಖ ತೊಳೆದುಕೊಳ್ಳುವುದರಲ್ಲಿ ನನ್ನ ಮಗನಿಗಿಂತ ವಾಸಿ. ಮಗ ಬಸ್ಸು ಓಡಿಸುತ್ತಾನೆ, ವಾರಕ್ಕೆ ನಾಲ್ಕು ದಿನ ಊರಲ್ಲೇ ಇರುವುದಿಲ್ಲ. ಆ ದಿನಗಳಲ್ಲಿ ಸೊಸೆಗೆ ಬೀಗರೇ ಜೊತೆ. ಬೆಳಗ್ಗೆ ಕನ್ನಡಕದ ಅಂಗಡಿಗೆ ಹೋಗಿ ಗಾಜು ಉಜ್ಜುತ್ತಾಳೆ, ಸಂಜೆ ಬಂದು ಪಂಜರದ ಮುಂದೆ ಕೂರುತ್ತಾಳೆ. ನಾವು ಏನು ಹೇಳಿದರೂ "ಸರಿ ಮಾವ, ಸರಿ ಅತ್ತೆ." ಒಂದು ವರ್ಷವಾದರೂ ಅವಳು ಒಂದು ದಿನ ಮುಖ ಗಂಟಿಕ್ಕಿದ್ದು ನಾನು ಕಾಣೆ. ಅಷ್ಟೊಂದು ಮರ್ಯಾದೆ ಮನೆಯೊಳಗೆ ಇದ್ದರೆ ಕಾಲು ಚಾಚಿ ಕೂರಲಿಕ್ಕೂ ಹೆದರಿಕೆಯಾಗುತ್ತದೆ.

ನಾನು ಬಡಗಿ. ಕೆಳಗೆ ಕೆಲಸದ ಶೆಡ್ಡು, ಮೇಲೆ ಮನೆ. ಮಾತು ನನ್ನ ಕೈಲಿ ಆಗುವ ಕೆಲಸವಲ್ಲ. ಆಡಿದರೆ ಕೊಂಕು, ಇಲ್ಲದಿದ್ದರೆ ಮೌನ. ಹುಡುಗಿಯನ್ನು ಹೇಗಾದರೂ ಒಲಿಸಿಕೊಳ್ಳಬೇಕು ಅನ್ನಿಸಿದಾಗ ನನಗೆ ತೋಚಿದ್ದು ಮರವೇ. ಪಂಜರದ ತಟ್ಟೆಗಳಿಗೆ ಅವಳು ಹಳೇ ಕಾಗದ ಹರಿದು ಹಾಸುತ್ತಿದ್ದಳು. ಒಂದು ದಿನ ಹೇಳಿದೆ, "ಕೆಳಗಡೆ ಕೀಸುಳಿ ಹೊಡೆದ ಮರದ ಸುರುಳಿ ಮಣಗಟ್ಟಲೆ ಬಿದ್ದಿರುತ್ತಲ್ಲ, ಅದನ್ನೇ ಹಾಕೋಣ. ನಾನೇ ಹಾಕ್ತೀನಿ, ನೀನು ಕೆಲಸಕ್ಕೆ ಹೋಗು."

ಅವಳ ಮುಖ ಅರಳಿತು. "ಆಗ್ಲಿ ಮಾವ. ಆದ್ರೆ ಒಂದೇ ಒಂದು. ವಾಸನೆ ಇರೋ ಮರ ಮಾತ್ರ ಬೇಡ. ವಾಸನೆ ಇಲ್ಲದ್ದೇ ಹಾಕಿ."

ನನಗೆ ಒಳಗೊಳಗೇ ಸಿಟ್ಟು ಬಂತು. ನಲವತ್ತು ವರ್ಷದ ಬಡಗಿ ನಾನು, ನನ್ನ ಶೆಡ್ಡಿನಲ್ಲಿ ನಾರುವ ಮರ ಇರುತ್ತದೆಯೇ? ನಮ್ಮ ಮನೆಯಲ್ಲಿ ವಾಸನೆ ಎಂದರೆ ಕೊಳೆತ ತರಕಾರಿ, ಒದ್ದೆ ಸಾಕ್ಸು. ಚೆನ್ನಾಗಿರುವುದಕ್ಕೆ ಪರಿಮಳ ಅನ್ನುತ್ತೇವೆ, ಘಮ ಅನ್ನುತ್ತೇವೆ. ಅವಳ ಹಾಸ್ಟೆಲಿನಲ್ಲಿ ಮೂಗಿಗೆ ತಾಗಿದ್ದೆಲ್ಲ ವಾಸನೆಯೇ ಎಂದು ನನಗೆ ಹೇಗೆ ಗೊತ್ತಾಗಬೇಕು? ಕೇಳಬಹುದಿತ್ತು. ಕೇಳುವುದು ನನ್ನ ಜಾಯಮಾನವಲ್ಲ. "ಆ ಚಿಂತೆ ನಿನಗೆ ಬೇಡಮ್ಮ" ಎಂದುಬಿಟ್ಟೆ.

ಮೊದಲ ಕೆಲವು ತಿಂಗಳು ಅಗ್ಗದ ಬಿಳಿ ಮರದ ಸುರುಳಿ ಹಾಕಿದೆ. ಯಾವ ತೊಂದರೆಯೂ ಆಗಲಿಲ್ಲ. ಆಮೇಲೆ ಉಣ್ಣೆ ಬಟ್ಟೆಯ ಅಂಗಡಿಯವರು ಹನ್ನೆರಡು ಪೆಟ್ಟಿಗೆ ಹೇಳಿದರು, ಒಳಗೆಲ್ಲ ದೇವದಾರಿನ ಹಲಗೆ. ನುಸಿ ಹತ್ತಿರ ಸುಳಿಯಬಾರದೆಂದು ಅಂಥ ಪೆಟ್ಟಿಗೆಗೆ ಘಮದ ಮರವನ್ನೇ ಒಳಗೆ ಹೊದಿಸುತ್ತಾರೆ. ಶೆಡ್ಡು, ಮೆಟ್ಟಿಲು, ಅಡುಗೆಮನೆ, ನನ್ನ ಹೆಂಡತಿಯ ತಲೆಗೂದಲು, ಎಲ್ಲ ಕಡೆ ಅದೇ ಪರಿಮಳ. ಕೀಸುಳಿಯಿಂದ ಕೆಂಪು ಸುರುಳಿ ಏಳುವುದನ್ನು ನೋಡುತ್ತಿದ್ದರೆ ಕಸಕ್ಕೆ ಎಸೆಯಲು ಯಾವ ಬಡಗಿಗೂ ಮನಸ್ಸು ಬರದು. ಇದನ್ನು ಬೀಗರಿಗೆ ಹಾಸಿದರೆ ಹೇಗೆ ಅನ್ನಿಸಿತು. ಬೀಗರೆಂದ ಮೇಲೆ ಉಪಚಾರಕ್ಕೆ ಕಡಿಮೆ ಮಾಡಬಾರದು.

ನನ್ನ ಕಸುಬಿನ ಚಟವೊಂದಿದೆ. ಒಳ್ಳೆಯದನ್ನು ಒಳಗೆ ಹೊದಿಸುತ್ತೇನೆ, ಹೊರಗೆ ಸಾದಾ ಇಡುತ್ತೇನೆ. ಪಂಜರಕ್ಕೂ ಹಾಗೆಯೇ ಮಾಡಿದೆ. ತಟ್ಟೆಯ ತಳಕ್ಕೆ ನಾಲ್ಕು ಬೆರಳು ದಪ್ಪ ದೇವದಾರು, ಮೇಲೆ ತೆಳ್ಳಗೆ ಬಿಳಿ ಸುರುಳಿ. ನೋಡಿದವರಿಗೆ ಬಿಳಿ, ಅಗೆದವರಿಗೆ ಘಮ. ಇಲಿಗಳು ಅಗೆಯುವ ಜಾತಿಯೇ ತಾನೆ? ಒಂದು ದಿನ ತಾನೇ ಕಂಡುಹಿಡಿದು ಸೊಸೆ ಬೆರಗಾಗಲಿ ಎಂದು ಯಾರಿಗೂ ಹೇಳಲಿಲ್ಲ. ಮನೆಯೆಲ್ಲ ಅದೇ ಘಮ ತುಂಬಿದ್ದರಿಂದ ಪಂಜರದ ಘಮ ಅವಳಿಗೆ ಬೇರೆಯಾಗಿ ಗೊತ್ತಾಗಲೇ ಇಲ್ಲ.

ಅದೇ ಹೊತ್ತಿಗೆ ಎಂಟನೆಯ ಇಲಿಯೊಂದು ಬಂತು. ಯಾರೋ ಸಾಕಲಾರದೆ ಬಿಟ್ಟದ್ದು, ಬೂದು ಬಣ್ಣ, ಹೆಸರು ಹೊಸಬಿ. ಹೊಸ ಇಲಿಯನ್ನು ಮೂರು ವಾರ ಬೇರೆ ಕೋಣೆಯಲ್ಲಿಟ್ಟು ರೋಗವಿಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ಸೇರಿಸಬೇಕಂತೆ. ಒಂಟಿಯಾಗಿ ಮೂಲೆ ಹಿಡಿದು ಕೂತಿದ್ದ ಅದನ್ನು ನೋಡಲಾರದೆ ಸೊಸೆ ಹತ್ತೇ ದಿನಕ್ಕೆ ಗುಂಪಿಗೆ ಬಿಟ್ಟಳು.

ಅದಾಗಿ ಎರಡು ವಾರಕ್ಕೆ ಸೀನು ಶುರುವಾಯಿತು. ಇಲಿಯ ಸೀನು ನೀವು ಕೇಳಿರಲಿಕ್ಕಿಲ್ಲ. ಚಿಕ್ಕ ಮೊಳೆಗೆ ಚಿಕ್ಕ ಸುತ್ತಿಗೆಯಿಂದ ಹೊಡೆದ ಹಾಗೆ ಟಿಚ್, ಟಿಚ್. ಮೊದಲು ಒಂದು, ಆಮೇಲೆ ಮೂರು, ಆಮೇಲೆ ಎಂಟೂ. ಎಲ್ಲಕ್ಕಿಂತ ಹಿರಿಯಳಾದ ಅಜ್ಜಿ ಎಂಬ ಬಿಳಿ ಇಲಿ ಊಟ ಬಿಟ್ಟಿತು. ಕಣ್ಣಿನ ಸುತ್ತ, ಮೂಗಿನ ತುದಿಯಲ್ಲಿ ಕೆಂಪಗೆ ಕಾಣಿಸಿಕೊಂಡಾಗ ನನ್ನ ಹೆಂಡತಿ "ಅಯ್ಯೋ, ರಕ್ತ ಕಾರ್ತಾ ಇದೆ" ಎಂದು ಕೂಗಿದಳು. ಸೊಸೆ ಅಜ್ಜಿಯ ಮೂಗನ್ನು ಬಟ್ಟೆಯಿಂದ ಒರೆಸಿದಳು. "ರಕ್ತ ಅಲ್ಲ ಅತ್ತೆ. ಹುಷಾರಿಲ್ಲದಾಗ ಅವುಗಳ ಕಣ್ಣೀರೇ ಕೆಂಪಗಿರುತ್ತೆ" ಎಂದು ಅವಳೇ ನಮ್ಮನ್ನು ಸಮಾಧಾನ ಮಾಡಿದಳು.

ಪಶುವೈದ್ಯೆಯ ಹತ್ತಿರ ಹೋಗುವಾಗ ಪೆಟ್ಟಿಗೆ ಹಿಡಿಯಲು ನಾನೂ ಹೋದೆ. ಡಾಕ್ಟರಮ್ಮ ಗಟ್ಟಿ ಹೆಂಗಸು, ಮಾತು ಉಳಿಯ ಹಾಗೆ ಹರಿತ. ಅಜ್ಜಿಯನ್ನು ಎತ್ತಿ ಟೆಲಿಫೋನಿನ ಹಾಗೆ ಕಿವಿಗೆ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ನನ್ನ ಕಿವಿಗೂ ಇಟ್ಟರು. ಅಂಗೈಯಷ್ಟು ಜೀವದೊಳಗೆ, ಒದ್ದೆ ಹಲಗೆಯ ಮೇಲೆ ಮೊಂಡು ಗರಗಸ ಎಳೆದಂಥ ಕರ್ ಕರ್ ಸದ್ದು.

"ಈ ರೋಗಾಣು ಸಾಕಿದ ಇಲಿಗಳ ಎದೆಯಲ್ಲಿ ಹೆಚ್ಚು ಕಡಿಮೆ ಇದ್ದೇ ಇರುತ್ತೆ," ಎಂದರು. "ಮಲಗಿರುತ್ತೆ ಅಷ್ಟೆ. ಕೆಣಕಿದ್ರೆ ಏಳುತ್ತೆ. ಹಾಸಿಗೆ ಏನು ಹಾಕ್ತೀರಿ?"

"ಬಿಳಿ ಮರದ ಸುರುಳಿ," ಸೊಸೆ ಫೋನಿನಲ್ಲಿ ಚಿತ್ರ ತೋರಿಸಿದಳು.

"ಇದೇನೋ ಪರವಾಗಿಲ್ಲ. ಧೂಳು, ಉಚ್ಚೆ ಘಾಟು, ಆಮೇಲೆ ಪರಿಮಳದ ಮರ, ಇವು ಮೂರು ಇರಬಾರದು. ದೇವದಾರು ಗೀವದಾರು ಅಂತೂ ಬೇಡವೇ ಬೇಡ."

"ಪರಿಮಳ ಏನ್ಮಾಡುತ್ತೆ?" ನನ್ನ ಬಾಯಿಂದ ಮಾತು ತಾನಾಗಿಯೇ ಬಿತ್ತು.

"ನಮಗೆ ಪರಿಮಳ, ಅವಕ್ಕೆ ಬೆಂಕಿ. ಎದೆ ಸುಟ್ಟು ಹೋಗುತ್ತೆ."

ಸೊಸೆ ನನ್ನ ಕಡೆ ಕೈ ತೋರಿಸಿದಳು. "ಮಾವ ಬಡಗಿ, ಡಾಕ್ಟ್ರೆ. ವಾಸನೆ ಇರೋ ಮರ ಬೇಡ ಅಂತ ಮೊದಲ ದಿನಾನೇ ಹೇಳಿದೀನಿ. ಆ ವಿಷಯದಲ್ಲಿ ಅವರು ಪಕ್ಕಾ."

ವಾಸನೆ! ಆಗ ನನಗೆ ಅರ್ಥವಾಯಿತು. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಯಿತು. ಅಂಗಿಯ ಮೇಲೆ ನಿಜವಾಗಿಯೂ ಒಂದು ಕೆಂಪು ಸುರುಳಿ ಅಂಟಿಕೊಂಡಿತ್ತು. ಕಿತ್ತು ಜೇಬಿಗೆ ಹಾಕಿಕೊಂಡೆ. ನುಸಿ ಹತ್ತಿರ ಬರಬಾರದೆಂದೇ ಹಾಕುವ ಮರ ಅದು. ನುಸಿಗೆ ಆಗದ ಗಾಳಿ ಇಲಿಗೆ ಹೇಗೆ ಆದೀತು ಎಂದು ಯೋಚಿಸುವಷ್ಟು ಬುದ್ಧಿ ಈ ನರೆತ ತಲೆಗೆ ಇರಲಿಲ್ಲ. ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಡಾಕ್ಟರಮ್ಮ ಚಿತ್ರವನ್ನು ಇನ್ನೊಮ್ಮೆ ನೋಡಿ, "ಹಾಗಾದ್ರೆ ಹೊಸಾ ಇಲಿ ಯಾವುದಾದ್ರೂ ಬಂತಾ? ಅದೇ ತಂದಿರಬೇಕು ರೋಗಾನ" ಎಂದರು. ಹತ್ತೇ ದಿನಕ್ಕೆ ಸೇರಿಸಿದೆನೆಂದು ಸೊಸೆ ಒಪ್ಪಿಕೊಂಡಳು. ಡಾಕ್ಟರಮ್ಮ ಬೈಯಲಿಲ್ಲ, ತಲೆ ಅಲ್ಲಾಡಿಸಿದರು ಅಷ್ಟೆ. ದಿನಕ್ಕೆರಡು ಸಲ ಔಷಧ ಬರೆದುಕೊಟ್ಟರು. "ವಯಸ್ಸಾದದ್ದರ ಬಗ್ಗೆ ನಾನು ಏನೂ ಹೇಳಲಾರೆ" ಎಂದರು.

ಮಧ್ಯಾಹ್ನ ಅವಳು ಅಂಗಡಿಗೆ ಹೋದದ್ದೇ ತಡ, ತಟ್ಟೆಗಳನ್ನೆಲ್ಲ ಎಳೆದು ಆ ಹಾಳು ದೇವದಾರನ್ನು ಚೀಲಕ್ಕೆ ಸುರಿದೆ. ಬಿಸಿನೀರಿನಲ್ಲಿ ಮೂರು ಸಲ ತಿಕ್ಕಿ, ಕಾಗದ ಹರಿದು ಹಾಸಿದೆ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಅಷ್ಟು ಒಳ್ಳೇ ಸುರುಳಿ ಯಾಕೆ ಕಸಕ್ಕೆ ಹಾಕ್ತೀರಿ?"

ಹೇಳಿದೆ. ನಲವತ್ತು ವರ್ಷ ಒಟ್ಟಿಗಿದ್ದವಳಿಗೆ ಸುಳ್ಳು ಹೇಳುವುದು ದಂಡ, ಅರ್ಧದಲ್ಲೇ ಹಿಡಿಯುತ್ತಾಳೆ.

"ಹೋಗಿ ಅವಳಿಗೆ ಹೇಳಿ."

"ಹೇಳ್ತೀನಿ. ಬೀಗರು ವಾಸಿ ಆಗ್ಲಿ."

"ಅಲ್ಲೀವರೆಗೂ ಅವಳು ತನ್ನನ್ನೇ ಬೈಕೋತಾ ಇರ್ಲಿ ಅಂತಾನಾ?"

ಸಂಜೆ ಸೊಸೆ ಬಂದು ಕಾಗದದ ಹಾಸಿಗೆ ನೋಡಿ, "ಧೂಳು ಬೇಡ ಅಂತ ಇಷ್ಟೊಂದು ಕೆಲಸ ಮಾಡಿದ್ರಾ ಮಾವ?" ಎಂದು ಕೈಮುಗಿದಳು. ಗಾಯದ ಮೇಲೆ ಬರೆ.

ಮುಂದಿನ ಮೂರು ದಿನ ನಾನು ಶೆಡ್ಡಿನಲ್ಲಿ ಮಾಡಿದ ಕೆಲಸದಲ್ಲಿ ಒಂದು ಮೂಲೆಯೂ ನೆಟ್ಟಗೆ ಕೂಡಲಿಲ್ಲ. ಹೊಸಬಿಯನ್ನು ಸೊಸೆ ಬಚ್ಚಲಿನ ಪಕ್ಕದ ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಪಾಪದ ಪ್ರಾಣಿ ಸರಳಿಗೆ ಮೂತಿ ಒತ್ತಿಕೊಂಡು ಗುಂಪಿನ ಕಡೆಗೇ ನೋಡುತ್ತಿತ್ತು. ಸೊಸೆ ಬಾಳೆಹಣ್ಣು ಹಿಸುಕಿ ಔಷಧ ಬೆರೆಸಿ ಒಂದೊಂದಕ್ಕೂ ಬೆರಳ ತುದಿಯಲ್ಲಿ ತಿನ್ನಿಸುತ್ತಿದ್ದಳು. ಅಜ್ಜಿಯನ್ನು ಎದೆಯ ಮೇಲೆ ನೆಟ್ಟಗೆ ಹಿಡಿದು ಕೂರುತ್ತಿದ್ದಳು. ಹಾಗೆ ಹಿಡಿದರೆ ಉಸಿರು ಸಲೀಸಂತೆ. ಅವಳ ಸ್ವಂತ ಊಟ ತಟ್ಟೆಯಲ್ಲಿ ಹಾಗೇ ಆರುತ್ತಿತ್ತು. ಔಷಧ ಹಿಡಿಯಲು ವಾರ ಹತ್ತು ದಿನ ಬೇಕೆಂದು ಡಾಕ್ಟರಮ್ಮ ಹೇಳಿದ್ದರೂ, ಅವಳು ಗಳಿಗೆಗೊಮ್ಮೆ ಇಲಿಯನ್ನು ಕಿವಿಗೆ ಹಿಡಿದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು.

ಶನಿವಾರ ಬೆಳಗ್ಗೆ ಅವಳು ನನ್ನ ಹೆಂಡತಿಗೆ ಹೇಳುವುದು ಕೇಳಿಸಿತು. "ಅಂಗಡಿಯಲ್ಲಿ ನನ್ನ ಗೆಳತಿ ಒಬ್ಬಳಿದಾಳೆ ಅತ್ತೆ. ವರ್ಷಗಟ್ಟಲೆ ಇಲಿ ಸಾಕಿದಾಳೆ, ಈಗ ಅವಳ ಪಂಜರ ಖಾಲಿ. ಸಂಜೆ ಬಂದು ಎಲ್ಲಾನೂ ಕರ್ಕೊಂಡು ಹೋಗ್ತಾಳೆ. ನನ್ನ ಕೈಗುಣ ಸರಿಯಿಲ್ಲ. ನನ್ನ ಹತ್ರ ಇದ್ರೆ ಇವು ಉಳಿಯಲ್ಲ."

"ಮತ್ತೆ ವಾಪಸ್ಸು ತರ್ತೀಯಾ?"

"ಇಲ್ಲ ಅತ್ತೆ."

ಹೆಂಡತಿ ಅಡುಗೆಮನೆಯಿಂದಲೇ ನನ್ನನ್ನು ನೋಡಿದಳು. ಆ ನೋಟಕ್ಕೆ ಪಾಲಿಶ್ ಕೂಡ ಸುಲಿಯುತ್ತದೆ. ನಾನು ಕೆಳಗಿಳಿದು ಹೋದೆ. ಸಂಜೆಯೊಳಗೆ ಹೇಳುತ್ತೇನೆ ಎಂದುಕೊಂಡೆ. ಊಟದ ಹೊತ್ತಿಗೆ ಹೇಳುತ್ತೇನೆ ಎಂದುಕೊಂಡೆ. ಊಟ ಮುಗಿಯಿತು.

ನಾಲ್ಕು ಗಂಟೆಗೆ ಗೆಳತಿ ಬಂದಳು, ಖಾಲಿ ಪೆಟ್ಟಿಗೆ ಹಿಡಿದುಕೊಂಡು. ಸೊಸೆ ಒಂದೊಂದನ್ನೇ ಎತ್ತಿ ಕೊಡತೊಡಗಿದಳು. "ಇವಳು ಬೊಜ್ಜಿ. ಔಷಧ ಉಗುಳ್ತಾಳೆ, ಗಲ್ಲ ಹಿಡ್ಕೊಂಡು ಹಾಕು. ಇವಳು ಕಳ್ಳಿ, ಬಟನ್ ಕಿತ್ತು ಬಚ್ಚಿಡ್ತಾಳೆ. ಇದು..." ಎನ್ನುತ್ತಾ ಅಜ್ಜಿಯನ್ನು ಎತ್ತಿದಳು. ಇಲಿ ಅವಳ ಹೆಬ್ಬೆರಳನ್ನು ಎರಡೂ ಕೈಯಿಂದ ಹಿಡಿದುಕೊಂಡಿತ್ತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯ ದಿನ ಹೆಣ್ಣಿನ ಕಡೆಯ ಕುರ್ಚಿಗಳು ಸಾಲಾಗಿ ಖಾಲಿ ಇದ್ದದ್ದು ನನಗೆ ಆಗ ಕಣ್ಣಿಗೆ ಕಟ್ಟಿತು. ಈ ಹುಡುಗಿಗೆ ಅಂತ ಲೋಕದಲ್ಲಿ ಇದ್ದ ಬಳಗವನ್ನು ನಾನು ನನ್ನ ಕೈಯಾರೆ ಕಾಯಿಲೆ ಬೀಳಿಸಿದ್ದೆ, ಈಗ ಬಾಯಿ ಮುಚ್ಚಿಕೊಂಡು ಅದನ್ನು ಮನೆಯಿಂದ ಕಳಿಸಿಕೊಡುತ್ತಿದ್ದೆ. ನನಗೇ ನನ್ನ ಮೇಲೆ ಹೇಸಿಗೆಯಾಯಿತು.

"ನಿಲ್ಲಿ," ಎಂದೆ. "ಯಾರೂ ಎಲ್ಲೂ ಹೋಗೋದು ಬೇಡ. ತಪ್ಪು ನಂದು."

ಇಬ್ಬರೂ ತಿರುಗಿದರು. ನಾನು ಕೆಳಗೋಡಿ, ಶೆಡ್ಡಿನಲ್ಲಿದ್ದ ಆ ಸುರುಳಿಯ ಚೀಲ ಹೊತ್ತು ತಂದು ಅವಳ ಮುಂದೆ ಬಾಯಿ ಬಿಚ್ಚಿದೆ. ಘಮ ಗಪ್ಪೆಂದು ಎದ್ದಿತು.

"ಇದು ಬೀಗರ ತಟ್ಟೆಯಲ್ಲಿತ್ತಮ್ಮ. ಅಡಿಯಲ್ಲಿ ಇದು, ಮೇಲೆ ಬಿಳೀದು. ವಾಸನೆ ಇರೋ ಮರ ಬೇಡ ಅಂದ್ಯಲ್ಲ, ನಾರೋ ಮರ ಅಂದ್ಕೊಂಡೆ. ಪರಿಮಳದ್ದು ಒಳ್ಳೇದು ಅಂತ ಹಾಕ್ಬಿಟ್ಟೆ. ಡಾಕ್ಟರ್ ಹತ್ರ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ."

ಅವಳು ಒಂದು ಹಿಡಿ ಸುರುಳಿ ಎತ್ತಿ ಮೂಸಿ ನೋಡಿದಳು. ನನ್ನ ಮುಖ ನೋಡಿದಳು. "ಎಷ್ಟು ದಿನ ಇತ್ತು?"

"ಹೆಚ್ಚು ಕಡಿಮೆ ನಾಲ್ಕು ವಾರ."

"ಹೊಸಬಿ ಬರೋಕ್ಕಿಂತ ಮುಂಚೆ?"

"ಒಂದೆರಡು ದಿನ ಮುಂಚೆ."

ಆಮೇಲೆ ಶುರುವಾಯಿತು ನೋಡಿ. "ಬುದ್ಧಿ ಇದೆಯಾ ನಿಮಗೆ? ಅರ್ಥ ಆಗ್ಲಿಲ್ಲ ಅಂದ್ರೆ ಕೇಳೋಕೆ ಏನಾಗಿತ್ತು? ಬಾಯಲ್ಲಿ ಮೊಳೆ ಕಚ್ಕೊಂಡಿದ್ರಾ? ಡಾಕ್ಟರ್ ಮುಂದೆ ನಿಮ್ಮನ್ನ ಪಕ್ಕಾ ಅಂದೆನಲ್ಲ, ಆಗ ಕಂಬದ ಹಾಗೆ ನಿಂತಿದ್ರಲ್ಲ! ಮೂರು ದಿನ ನನ್ನನ್ನ ನಾನೇ ಕೊಲೆಗಾತಿ ಅಂದ್ಕೊಂಡೆ. ಆ ಹೊಸಬಿನ ಒಂಟಿಯಾಗಿ ಕೂಡಿಹಾಕಿದೆ. ದೊಡ್ಡವರಂತೆ ದೊಡ್ಡವರು!" ಗೆಳತಿ ಪೆಟ್ಟಿಗೆ ತಬ್ಬಿಕೊಂಡು ಗೋಡೆಗೆ ಒರಗಿದ್ದಳು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಅಳಲಿಕ್ಕಲ್ಲ. ನಾನು ತಲೆ ಬಗ್ಗಿಸಿ ನಿಂತೆ. ಬೈಗುಳ ಒಂದೊಂದಾಗಿ ಬಿದ್ದ ಹಾಗೆಲ್ಲ ನನ್ನ ಎದೆ ಹಗುರವಾಗುತ್ತಾ ಹೋಯಿತು. ವರ್ಷದಲ್ಲಿ ಮೊದಲ ಸಲ ಅವಳು ನಮ್ಮ ಮನೆಯಲ್ಲಿ ದನಿಯೆತ್ತಿದ್ದಳು, ಎಷ್ಟು ಸೊಗಸಾಗಿ ಬೈಯುತ್ತಿದ್ದಳು ಎಂದರೆ ನನ್ನ ತಾಯಿಯ ನೆನಪು ಬಂತು.

ಬೈದು ಬೈದು ಉಸಿರು ಸಾಕಾಗಿ ಅವಳು ನೆಲದ ಮೇಲೆ ಕೂತುಬಿಟ್ಟಳು. "ಹಾಗಾದ್ರೆ ನಾನಲ್ಲ," ಎಂದಳು. ಆಮೇಲೆ ಹೊಸದಾಗಿ ಹೊಳೆದವಳಂತೆ, "ಹಾಗಾದ್ರೆ ಇವು ಉಳೀತಾವೆ!" ಎಂದು ಫೋನು ಎತ್ತಿಕೊಂಡಳು.

ಡಾಕ್ಟರಮ್ಮ ಎಲ್ಲ ಕೇಳಿ, ಫೋನನ್ನು ನನಗೇ ಕೊಡಲು ಹೇಳಿದರು. "ಮೂರು ದಿನ ಯಾಕೆ ಸುಮ್ನಿದ್ರಿ?"

"ಹೆದರಿಕೆ ಡಾಕ್ಟ್ರೆ."

"ಇಲಿಗಾ?"

"ಸೊಸೆಗೆ."

ಅವರು ನಕ್ಕದ್ದು ಕೋಣೆಗೆಲ್ಲ ಕೇಳಿಸಿತು. "ಒಳ್ಳೇ ಸುದ್ದೀನೇ ಹೇಳಿದ್ರಿ ಬಿಡಿ. ಕೆಣಕಿದ್ದು ಯಾವುದು ಅಂತ ಗೊತ್ತಾಯ್ತು, ಅದನ್ನ ತೆಗೆದೂ ಆಯ್ತು. ಔಷಧ ನಿಲ್ಲಿಸಬೇಡಿ. ಅವು ಇರೋ ಕೋಣೆಗೆ ಶೆಡ್ಡಿನ ಗಾಳಿ ಬರದ ಹಾಗೆ ನೋಡ್ಕೊಳ್ಳಿ. ಆ ಹೊಸಾದನ್ನ ಜೊತೆಗೆ ಬಿಡಿ, ಒಂಟಿಯಾಗಿ ಕೊರಗಿ ಸತ್ತೀತು."

ಬೊಜ್ಜಿ, ಕಳ್ಳಿ ಪೆಟ್ಟಿಗೆಯಿಂದ ಪಂಜರಕ್ಕೆ ವಾಪಸ್ಸು ಬಂದರು. ಹೊಸಬಿಯನ್ನು ಬಿಟ್ಟ ಕೂಡಲೇ ಅದು ಓಡಿ ಗುಂಪಿನ ಅಡಿಯಲ್ಲಿ ತೂರಿಕೊಂಡಿತು, ಮೇಲೆ ಬಾಲವೊಂದೇ ಕಾಣುತ್ತಿತ್ತು. ಗೆಳತಿ ಖಾಲಿ ಪೆಟ್ಟಿಗೆಯೊಂದಿಗೆ ಹೊರಟಳು. ಹೋಗುವಾಗ ನನ್ನನ್ನು ನೋಡಿ, "ಇನ್ನೂ ಬೈಯೋದಿದ್ರೆ ಸೋಮವಾರ ಅಂಗಡಿಯಲ್ಲಿ ಪೂರ್ತಿ ಹೇಳು" ಎಂದು ಸೊಸೆಗೆ ಹೇಳಿದಳು.

ಅಲ್ಲಿಂದ ಮನೆಯಲ್ಲಿ ಸೊಸೆಯದೇ ಕಾನೂನು. ಶೆಡ್ಡಿನಿಂದ ಮೇಲೆ ಬರುವ ಮುಂಚೆ ನಾನು ಅಂಗಿ ಬದಲಿಸಬೇಕು, ಕೈ ಮೊಣಕೈವರೆಗೆ ತೊಳೆಯಬೇಕು. ಮೆಟ್ಟಿಲ ಬುಡಕ್ಕೆ ಒಂದು ಬಾಗಿಲು ನಾನೇ ಮಾಡಿ ಕೂಡಿಸಿದೆ. ಕೂದಲಲ್ಲಿ ಒಂದು ಎಳೆ ಹೊಟ್ಟು ಕಂಡರೂ "ಮಾವಾ!" ಎಂದು ಮೆಟ್ಟಿಲ ತಲೆಯಿಂದಲೇ ಗದರಿಕೆ. ಧೂಳಿಗೆ ನಮ್ಮ ಮನೆಯಲ್ಲಿ ಸಂಪೂರ್ಣ ಬಹಿಷ್ಕಾರ. ಪೇಪರು ಹರಿಯುವ ಕೆಲಸ ನನ್ನದು. ಓದುವ ಮುಂಚೆ ಹರಿದೆನೆಂದು ಹೆಂಡತಿಯೂ ಬೈಯುತ್ತಾಳೆ.

ಐದನೆಯ ದಿನಕ್ಕೆ ಸೀನು ಕಡಿಮೆಯಾಯಿತು. ಎಂಟನೆಯ ದಿನಕ್ಕೆ ಏಳು ಇಲಿಗಳ ಮೂಗು ಶುಭ್ರ. ಅಜ್ಜಿ ಮಾತ್ರ ಹಿಂದೆ ಉಳಿದಿತ್ತು. ಔಷಧದ ಬಾಳೆಹಣ್ಣು ನೆಕ್ಕುತ್ತಿತ್ತು, ಮಲಗುತ್ತಿತ್ತು, ಎದೆಯ ಕರ್ ಕರ್ ಹೋಗಿರಲಿಲ್ಲ. ಹನ್ನೊಂದನೆಯ ದಿನ ಬೆಳಗ್ಗೆ ನಾನು ಅಂಗಿ ಬದಲಿಸಿ, ಕೈ ತೊಳೆದು ಮೇಲೆ ಹೋದಾಗ ಅದು ತಾನಾಗಿಯೇ ಮೇಲಿನ ಅಂತಸ್ತಿಗೆ ಹತ್ತಿ ಕೂತಿತ್ತು. ಎತ್ತಿ ಕಿವಿಗೆ ಹಿಡಿದೆ. ಏನೂ ಕೇಳಿಸಲಿಲ್ಲ. ಇನ್ನೊಂದು ಕಿವಿಗೂ ಹಿಡಿದೆ.

"ಏನೂ ಕೇಳಿಸ್ತಾ ಇಲ್ಲ," ಎಂದೆ.

"ನಿಮಗೆ ಕರೆಗಂಟೆಯೇ ಕೇಳಿಸಲ್ಲ, ಅವಳ ಕೈಗೆ ಕೊಡಿ," ಎಂದಳು ಹೆಂಡತಿ.

ಸೊಸೆ ಅಜ್ಜಿಯನ್ನು ತೆಗೆದುಕೊಂಡು ಕಿವಿಗೆ ಒತ್ತಿ ಕಣ್ಣು ಮುಚ್ಚಿದಳು. ಒಂದು ಕಡೆ ಕೇಳಿದಳು, ತಿರುಗಿಸಿ ಇನ್ನೊಂದು ಕಡೆ ಕೇಳಿದಳು. ಮತ್ತೆ ಮೊದಲಿನ ಕಡೆ ಕೇಳಿದಳು. ಇಲಿ ಬೇಸರದಿಂದ ಅವಳ ಕಿವಿಯೋಲೆ ಕಚ್ಚಲು ನೋಡಿತು.

"ಏನೂ ಇಲ್ಲ," ಎಂದಳು ಅವಳು. "ಏನೂ ಇಲ್ಲ ಮಾವ. ಸದ್ದೇ ಇಲ್ಲ. ಎದೆ ಪೂರ್ತಿ ಖುಲ್ಲಾ!"

ಅವಳು ನಗುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು. ನಾನೂ ಗಳಗಳನೆ ಅತ್ತುಬಿಟ್ಟೆ. ಕಣ್ಣಿಗೆ ಮರದ ಧೂಳು ಬಿತ್ತು ಎಂದು ಹೇಳಿ ಪಾರಾಗುವ ಹಾಗೂ ಇರಲಿಲ್ಲ. ಹೇಳಿದ್ದರೆ ಅದಕ್ಕೂ ಬೈಯುತ್ತಿದ್ದಳು.